ಹುಳಿ ಸೇಬು, ಸಪ್ಪೆ ಮೊಸರು

ಹಸಿರು ಸೇಬಿನ ರಾಶಿಯ ಮುಂದೆ ಅವಳು ನಿಂತು ಆಗಲೇ ಹತ್ತು ನಿಮಿಷವಾಗಿತ್ತು. ಎಡಗೈಯಲ್ಲಿ ಫೋನು, ಫೋನಿನಲ್ಲಿ ನಾದಿನಿ ಕಳಿಸಿದ ಪಥ್ಯದ ಪಟ್ಟಿ. ಬಲಗೈಯಲ್ಲಿ ಒಂದು ಸೇಬು. ಅದನ್ನು ಎತ್ತುವುದು, ಮೂಸುವುದು, ಇಡುವುದು, ಪಕ್ಕದ್ದನ್ನು ಎತ್ತುವುದು. ಈ ಕಾಲಿನ ಭಾರ ಆ ಕಾಲಿಗೆ, ಆ ಕಾಲಿನದು ಮತ್ತೆ ಈ ಕಾಲಿಗೆ. ಹಿಂದೆ ಬುಟ್ಟಿ ಹಿಡಿದು ನಿಂತಿದ್ದ ಇಬ್ಬರು ಗಂಟಲು ಸರಿಮಾಡಿಕೊಂಡರು.

“ಅದು ಸೇಬು ಕಣಮ್ಮ, ಲಾಟರಿ ಟಿಕೆಟ್ ಅಲ್ಲ,” ಎಂದಳು ಹಣ್ಣಿನಂಗಡಿಯವಳು. “ಯಾವುದನ್ನ ಎತ್ತಿದ್ರೂ ಒಳಗೆ ಸೇಬೇ ಇರುತ್ತೆ.”

“ತುಂಬ ಹುಳಿ ಇರೋದು ಬೇಕಿತ್ತು.”

“ಎಲ್ಲರೂ ಸಿಹಿ ಇದ್ಯಾ ಅಂತ ಕೇಳ್ತಾರೆ. ಹುಳಿ ಇದ್ಯಾ ಅಂತ ಕೇಳಿದೋರು ನೀವೊಬ್ರೇ.” ಅಂಗಡಿಯವಳು ಒಂದು ಸೇಬನ್ನು ಸೀಳಿ ಚೂರು ಮುಂದೆ ಹಿಡಿದಳು. “ತಿಂದು ನೋಡಿ. ಹಲ್ಲು ಜುಮ್ ಅನ್ನದಿದ್ರೆ ನನ್ನ ಕೇಳಿ.”

ಅವಳು ಚೂರನ್ನು ಬಾಯಿಗಿಟ್ಟು ಅಗಿದಳು. ಹಲ್ಲೇನೋ ಜುಮ್ಮೆಂದಿತು. ನಾಲಿಗೆ ಮಾತ್ರ ಪಿಟಕ್ಕೆನ್ನದೆ ಕುಳಿತಿತ್ತು. ಒದ್ದೆ ರಟ್ಟು ಅಗಿದ ಹಾಗಿತ್ತು. “ಚೆನ್ನಾಗಿದೆ,” ಎಂದು ನಾಲ್ಕು ಸೇಬು ಚೀಲಕ್ಕೆ ಹಾಕಿಸಿಕೊಂಡು, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಬಿರಬಿರನೆ ನಡೆದಳು.

ಹಣ್ಣಿನಂಗಡಿಯವಳ ಹತ್ತಿರ ಒಂದು ಸಣ್ಣ ಸುಳ್ಳು ಹೇಳಿದರೆ ಭೂಮಿಯೇನೂ ಬಾಯಿ ಬಿಡುವುದಿಲ್ಲ. ಆದರೆ ಹೀಗೆ ಬಾಯಿಗಿಟ್ಟುಕೊಂಡು “ಚೆನ್ನಾಗಿದೆ”, “ಚೆನ್ನಾಗಿಲ್ಲ” ಅನ್ನುವುದೇ ಅವಳ ಹೊಟ್ಟೆಪಾಡು. ಊರಂಚಿನ ಹಾಲಿನ ಕಾರ್ಖಾನೆಯಲ್ಲಿ ಅವಳು ರುಚಿ ನೋಡುವವಳು. ಹಣ್ಣು ಬೆರೆಸಿದ ಮೊಸರಿನ ಬಟ್ಟಲುಗಳು ಲಾರಿ ಹತ್ತುವ ಮುಂಚೆ, ದಿನಕ್ಕೆ ಮೂವತ್ತು ಬಗೆ, ಅವಳ ನಾಲಿಗೆಯ ಮೇಲೆ ಹಾದು ಹೋಗಬೇಕು. ಒಂದು ಚಮಚ ಬಾಯಿಗೆ, ನಾಲ್ಕು ಸೆಕೆಂಡು ಒಳಗೆ, ಆಮೇಲೆ ಉಗುಳುದಾನಿಗೆ. ಹದಿನಾಲ್ಕು ವರ್ಷ ಆ ಮೇಜಿಗೆ ಕುಳಿತು ಅವಳ ನಿಜವಾದ ಹೆಸರೇ ಕಾರ್ಖಾನೆಯಲ್ಲಿ ಮರೆತುಹೋಗಿತ್ತು. ಗೇಟಿನ ಕಾವಲುಗಾರನಿಂದ ಹಿಡಿದು ಲ್ಯಾಬಿನ ಮೇಲ್ವಿಚಾರಕನವರೆಗೆ ಎಲ್ಲರಿಗೂ ಅವಳು ‘ನಾಲಿಗೆ ಮೇಡಂ’.

ಆ ನಾಲಿಗೆಯ ಮೇಲೆ ಎರಡು ತಿಂಗಳ ಹಿಂದೆ ಬಿಳಿ ಪೊರೆ ಕಟ್ಟಿತು. ಮೊದಲು ಅಂಚಿನಲ್ಲಿ, ಆಮೇಲೆ ನಡುವೆ. ಕನ್ನಡಿಯ ಮುಂದೆ ನಾಲಿಗೆ ಚಾಚಿದರೆ ಕೆನೆ ಕಟ್ಟಿದ ಹಾಲಿನ ಹಾಗೆ ಕಾಣುತ್ತಿತ್ತು. ಕ್ಲಿನಿಕ್ಕಿನ ಡಾಕ್ಟರು ನೋಡಿ, ಕ್ಯಾಂಡಿಡಾ ಅನ್ನುವ ಶಿಲೀಂಧ್ರ, ಎಲ್ಲರ ಬಾಯಲ್ಲೂ ಒಂದಿಷ್ಟು ಇರುತ್ತದೆ, ನಿಮ್ಮ ಬಾಯಲ್ಲಿ ಯಾಕೋ ಸಂಸಾರ ಹೂಡಿದೆ ಎಂದರು. ತೊಟ್ಟಿಕ್ಕುವ ಔಷಧ ಕೊಟ್ಟರು. “ಬೇರೆ ಔಷಧ ಏನಾದ್ರೂ ತಗೊಳ್ತಿದ್ದೀರಾ?” ಎಂದು ಕೇಳಿದರು. ಅವಳು ಒಂದು ಕ್ಷಣ ತಡೆದು, “ಇಲ್ಲ,” ಎಂದಳು. ಹತ್ತು ದಿನ ಔಷಧ ಹಾಕಿದಳು, ಪೊರೆ ಹೋಯಿತು. ಹದಿನೈದು ದಿನ ಬಿಟ್ಟು ಮತ್ತೆ ಬಂತು.

ಆಗ ನಾದಿನಿಯ ಪಟ್ಟಿ ಬಂತು. ನಾದಿನಿ ಒಂದು ವ್ಯಾಯಾಮಶಾಲೆಯಲ್ಲಿ ಬಂದವರ ತೂಕ ಬರೆದುಕೊಳ್ಳುವ ಕೆಲಸದವಳು. ಲೋಕದ ಕಾಯಿಲೆಗಳೆಲ್ಲ ಸಕ್ಕರೆಯಿಂದಲೇ ಹುಟ್ಟಿದವು ಎಂದು ನಂಬಿದವಳು. ಪಟ್ಟಿಯ ಎಡಗಡೆ ಕೆಂಪು: ಬಾಳೆ, ದ್ರಾಕ್ಷಿ, ಖರ್ಜೂರ, ಒಣಹಣ್ಣು, ಯಾವ ಹಣ್ಣಿನ ರಸವೂ ಬೇಡ. ಹಾಲು ಬೇಡ, ಐಸ್‌ಕ್ರೀಮ್ ಬೇಡ, ನೀಲಿ ಬೂಷ್ಟಿನ ಚೀಸ್ ಬೇಡವೇ ಬೇಡ. ಬಲಗಡೆ ಹಸಿರು: ನಿಂಬೆ, ಹುಳಿ ಸೇಬು, ಸ್ಟ್ರಾಬೆರಿ ಬರೀ ಒಂದು ಹಿಡಿ, ಬೆಣ್ಣೆ, ಸಕ್ಕರೆ ಕಾಣದ ಸಪ್ಪೆ ಮೊಸರು. ಕೊನೆಯಲ್ಲಿ ಒಂದು ಸಾಲು: ‘ಅತ್ತಿಗೆ, ಒಂದೇ ಒಂದು ದಿನ ತಪ್ಪಿದ್ರೂ ಮೊದಲಿಂದ ಶುರು.’

ಆ ಸಾಲೇ ಅವಳ ನಿದ್ದೆ ಕೆಡಿಸಿದ್ದು. ವರ್ಷಕ್ಕೊಮ್ಮೆ ಮೇಜಿನವರಿಗೆ ನಡೆಯುವ ಪರೀಕ್ಷೆಗೆ ಹದಿನೆಂಟು ದಿನ ಉಳಿದಿತ್ತು. ಕೆಂಪು ದೀಪದ ಕೋಣೆ. ಆ ಬೆಳಕಿನಲ್ಲಿ ಬಣ್ಣ ತಿಳಿಯುವುದಿಲ್ಲ. ಮೂರು ಬಟ್ಟಲು ಇಡುತ್ತಾರೆ, ಎರಡರಲ್ಲಿ ಒಂದೇ ಮೊಸರು, ಒಂದರಲ್ಲಿ ಬೇರೆ. ಬೇರೆಯದು ಯಾವುದು ಎಂದು ಬರೆಯಬೇಕು. ಹೀಗೆ ಆರು ಸಲ, ಐದಾದರೂ ಸರಿಯಿರಬೇಕು. ಇಲ್ಲದಿದ್ದರೆ ಮೇಜು ಬಿಟ್ಟು ಎದ್ದೇಳಬೇಕು. ಎದ್ದವರು ಹೋಗುವುದು ಹಿತ್ತಿಲ ಕಡೆಯ ಕ್ರೇಟು ತೊಳೆಯುವ ವಿಭಾಗಕ್ಕೆ. ಅವಳು ಆವರೆಗೆ ಒಂದು ವರ್ಷವೂ ಆರರಲ್ಲಿ ಒಂದನ್ನೂ ತಪ್ಪಿರಲಿಲ್ಲ.

ಮನೆಗೆ ಬಂದವಳು ಸೇಬನ್ನು ಫ್ರಿಜ್ಜಿನಲ್ಲಿಟ್ಟಳು. ಮುಚ್ಚಿದಳು. ಮತ್ತೆ ತೆಗೆದು ಮೊಸರಿನ ಡಬ್ಬಿಯ ಹಿಂಬದಿ ಓದಿದಳು. ಮುಚ್ಚಿದಳು. ಮೂರನೆಯ ಸಲ ತೆಗೆದಾಗ ಊಟದ ಮೇಜಿನಿಂದ ಗಂಡ ತಲೆಯೆತ್ತಿದ. ಅವನು ಫ್ರಿಜ್ಜು ರಿಪೇರಿ ಮಾಡುವವನು.

“ಬಾಗಿಲು ಸರಿಯಾಗೇ ಇದೆ,” ಎಂದ. “ನಾನು ನೋಡಿದ್ದೀನಿ.”

“ಈ ಮೊಸರಲ್ಲಿ ಹಾಲಿನ ಪುಡಿ ಸೇರಿಸಿದ್ದಾರಂತೆ. ತಿನ್ನಬಹುದಾ ಬೇಡವಾ ಅಂತ ಪಟ್ಟಿಯಲ್ಲಿಲ್ಲ.”

“ಪಟ್ಟೀಲಿ ಗಂಡನ ಹತ್ರ ಮಾತಾಡಬಹುದು ಅಂತ ಇದ್ಯಾ?”

ಅವಳಿಗೆ ನಗು ಬರಲಿಲ್ಲ. ಪಾಪ, ಅವನಾದರೂ ಏನು ಮಾಡಿಯಾನು. ಮೂರು ವಾರದಿಂದ ಮನೆಯಲ್ಲಿ ಅವಳು ಒಂದು ಕಡೆ ಕುಳಿತಿದ್ದನ್ನು ಅವನು ಕಂಡಿರಲಿಲ್ಲ. ಅಡುಗೆಮನೆಯಿಂದ ಕನ್ನಡಿಗೆ, ಕನ್ನಡಿಯಿಂದ ಅಡುಗೆಮನೆಗೆ. ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಓಡಾಟ.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅತ್ತೆ ಕನ್ನಡಕ ಏರಿಸಿಕೊಂಡು ಫೋನಿನ ಪಟ್ಟಿಯನ್ನು ಇಸಿದುಕೊಂಡರು. “ಹಾಲು ಕೆಟ್ಟದ್ದು, ಮೊಸರು ಒಳ್ಳೇದು, ಬೆಣ್ಣೆ ಪರವಾಗಿಲ್ಲ. ಮೂವರೂ ಒಂದೇ ಮನೆಯವರು ತಾನೆ? ಇವಳಿಗೆ ಯಾರು ಯಾರ ಜೊತೆ ಜಗಳ ಅಂತ ಹೇಗೆ ಗೊತ್ತಾಯ್ತು?”

“ಹಾಲಿನಲ್ಲಿರೋ ಸಕ್ಕರೆ ಮೊಸರಾಗುವಾಗ ಕಮ್ಮಿ ಆಗುತ್ತೆ ಅತ್ತೆ.”

“ಅದು ನನಗೆ ಹೇಳ್ತೀಯ?” ಎಂದರು ಅತ್ತೆ.

ಹೇಳುವ ಹಾಗಿರಲಿಲ್ಲ, ನಿಜ. ಏಕೆಂದರೆ ಆ ಮೇಜು ಮೊದಲು ಅತ್ತೆಯದೇ. ಇಪ್ಪತ್ತೇಳು ವರ್ಷ ಅಲ್ಲಿ ಕುಳಿತು, ಹಸು ಮೇವು ಬದಲಾಯಿಸಿದ್ದನ್ನು ಬೆಣ್ಣೆಯಲ್ಲಿ ಹಿಡಿದವರು, ಉಗ್ರಾಣದಲ್ಲಿ ಎರಡು ದಿನ ಹೆಚ್ಚು ಕುಳಿತ ಸ್ಟ್ರಾಬೆರಿಯನ್ನು ಒಂದೇ ಚಮಚದಲ್ಲಿ ವಾಪಸು ಕಳಿಸಿದವರು. ಸೊಸೆಯಾಗಿ ಬಂದವಳಿಗೆ ಅವರು ಒಡವೆ ಕೊಡಲಿಲ್ಲ, ನಾಲಿಗೆ ಕೊಟ್ಟರು. ದಿನಾ ಸಂಜೆ ಮೂರು ಸ್ಟೀಲ್ ಬಟ್ಟಲು ಇಟ್ಟುಕೊಂಡು ಕಲಿಸಿದರು. ತಾವು ನಿವೃತ್ತಿಯಾದ ದಿನ ತಮ್ಮ ಕುರ್ಚಿಯನ್ನು ತಾವೇ ಒರೆಸಿ ಅವಳನ್ನು ಕೂರಿಸಿ ಬಂದರು. ಅತ್ತೆ ಸೊಸೆ ಇಬ್ಬರಿಗೂ ಇಂಥ ನಾಲಿಗೆ ಇರುವ ಮನೆಯಲ್ಲಿ ಗಂಡಸು ಹೇಗೆ ಬದುಕಿದ ಎಂದು ಜನ ತಮಾಷೆ ಮಾಡುತ್ತಿದ್ದರು. ಜಗಳ ಬಂದರೆ ಅದು ಉಪ್ಪಿನ ಬಗ್ಗೆ ಮಾತ್ರ.

ಅತ್ತೆ ಕಲಿಸಿದ್ದರಲ್ಲಿ ಒಂದು ಕಟ್ಟಳೆ ಎಲ್ಲಕ್ಕಿಂತ ಬಿಗಿ. ಕಾರ್ಖಾನೆಯ ಗೇಟು ದಾಟಿದ ಮೇಲೆ, ಕೊನೆಯ ಬಟ್ಟಲು ಮುಗಿಯುವ ತನಕ, ಬಾಯಿಗೆ ಒಂದು ಹನಿ ನೀರು ತಾಗಬಾರದು. ಬಟ್ಟಲು ಬಟ್ಟಲಿನ ನಡುವೆ ಉಪ್ಪಿಲ್ಲದ ಬ್ರೆಡ್ಡಿನ ಚೂರು ಸಾಕು. ‘ಬಾಯಿ ಅದರ ಪಾಡಿಗೆ ಅದು ಇರಬೇಕು’ ಎನ್ನುತ್ತಿದ್ದರು. ಮೇಜಿನಲ್ಲಿದ್ದ ಮೂವರೂ ಅದನ್ನು ಪಾಲಿಸುತ್ತಿದ್ದರು. ಹೊಸದಾಗಿ ಬಂದ ಮೇಲ್ವಿಚಾರಕ ಒಮ್ಮೆ ನೀರಿನ ಲೋಟ ಇಡಿಸಿದಾಗ ನಾಲಿಗೆ ಮೇಡಮ್ಮೇ ಅದನ್ನು ಎತ್ತಿ ಕಿಟಕಿಯಾಚೆ ಚೆಲ್ಲಿದ್ದಳು.

ಇಷ್ಟೆಲ್ಲದರ ನಡುವೆ ಅವಳ ಹತ್ತಿರ ಒಂದು ಗುಟ್ಟಿತ್ತು. ಎರಡು ವರ್ಷದಿಂದ ಅವಳಿಗೆ ಉಬ್ಬಸ. ಬೇರೆ ಬಡಾವಣೆಯ ಬೇರೆ ಡಾಕ್ಟರೊಬ್ಬರು ಕಂದು ಬಣ್ಣದ ಇನ್ಹೇಲರ್ ಕೊಟ್ಟಿದ್ದರು. ದಿನಕ್ಕೊಂದು ಸಲ ಬಾಯಿಗಿಟ್ಟು ಎಳೆಯಬೇಕು. ರುಚಿಯ ಅರ್ಧ ಕೆಲಸ ಮೂಗಿನದು, ಉಸಿರಿನದು. ಉಬ್ಬಸದವಳನ್ನು ಮೇಜಿಗೆ ಯಾರು ಕೂರಿಸುತ್ತಾರೆ? ಅತ್ತೆಗೆ ತಿಳಿದರೆ ಅವರ ಮುಖ ನೋಡುವುದು ಹೇಗೆ? ಅದಕ್ಕೆ ಅವಳು ಗಂಡನಿಗೂ ಹೇಳದೆ, ದಿನಾ ಬೆಳಿಗ್ಗೆ ಒಂಬತ್ತಕ್ಕೆ ಕಾಲು ಗಂಟೆ ಇರುವಾಗ, ಕಾರ್ಖಾನೆಯೊಳಗಿನ ಸೈಕಲ್ ಸ್ಟ್ಯಾಂಡಿನ ಹಿಂದಿನ ಗೋಡೆಗೆ ಮುಖ ಮಾಡಿ ನಿಂತು ಎಳೆದುಕೊಳ್ಳುತ್ತಿದ್ದಳು. ಆಮೇಲೆ ಬ್ಯಾಗಿಗೆ ಹಾಕಿ, ಕೋಟು ತೊಟ್ಟು, ಮೇಜಿಗೆ.

ಆ ಹದಿನೆಂಟು ದಿನ ಅವಳು ಪಟ್ಟಿಯನ್ನು ನೆಚ್ಚಿಕೊಂಡು ಬದುಕಿದಳು. ಬೆಳಿಗ್ಗೆ ಸಪ್ಪೆ ಮೊಸರು, ಅರ್ಧ ಹುಳಿ ಸೇಬು. ಮಧ್ಯಾಹ್ನ ತರಕಾರಿ, ಬೆಣ್ಣೆ. ಸಂಜೆ ಒಂದು ಹಿಡಿ ಸ್ಟ್ರಾಬೆರಿ. ಹಿಡಿ ಎಂದರೆ ಎಷ್ಟು ಎಂದು ತಲೆಕೆಡಿಸಿಕೊಂಡು ಏಳಕ್ಕೆ ನಿಲ್ಲಿಸಿದಳು. ಸೂಪರ್ ಮಾರ್ಕೆಟ್ಟಿನ ತಣ್ಣನೆಯ ಸಾಲಿನಲ್ಲಿ ಒಂದೊಂದು ಡಬ್ಬಿಯನ್ನೂ ತಿರುಗಿಸಿ ತಿರುಗಿಸಿ ಓದುತ್ತ ನಿಂತರೆ ಬೆರಳು ಮರಗಟ್ಟುತ್ತಿತ್ತು. ಅವುಗಳಲ್ಲಿ ಎಷ್ಟೋ ಡಬ್ಬಿ ಅವಳೇ ಒಪ್ಪಿ ಕಳಿಸಿದವು. ‘ಪೀಚ್ ಸವಿ’ ಎಂಬ ಬಟ್ಟಲಿನಲ್ಲಿ ಸಕ್ಕರೆ ಎಷ್ಟಿದೆ ಎಂದು ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಓದಿ, ಇನ್ನೊಬ್ಬರ ಕಾಗದ ಓದಿದವಳ ಹಾಗೆ ಗಾಬರಿಯಿಂದ ಇಟ್ಟುಬಿಟ್ಟಳು.

ಕೆಲಸದಲ್ಲಿ ಇನ್ನೊಂದು ಪೇಚಾಟ. ಬಾಯಿಗಿಟ್ಟು ಉಗುಳಿದ್ದು ತಿಂದ ಲೆಕ್ಕವೋ ಅಲ್ಲವೋ? ನಾದಿನಿಗೆ ಫೋನು ಮಾಡಿ ಕೇಳಿದಳು.

“ಬಾಯಲ್ಲೇ ಇದೆ ಅಲ್ವಾ ಅತ್ತಿಗೆ ಆ ಬೂಷ್ಟು? ಬಾಯಿಗೆ ಹಾಕಿದ್ರೆ ಅದಕ್ಕೆ ಊಟ ಹಾಕಿದ ಹಾಗೇ.”

“ನನ್ನ ಕೆಲಸವೇ ಅದಲ್ವೇನೆ.”

“ರಜಾ ಹಾಕು.”

ಪರೀಕ್ಷೆಯ ಮುಂದೆ ರಜೆ ಹಾಕಿದರೆ ಜನ ಏನಂದಾರು? ಅವಳು ರಜೆ ಹಾಕಲಿಲ್ಲ, ಮೋಸ ಶುರುಮಾಡಿದಳು. ಅದಕ್ಕೆ ಬೇರೆ ಹೆಸರು ಕೊಟ್ಟು ಪ್ರಯೋಜನವಿಲ್ಲ. ಚಮಚವನ್ನು ತುಟಿಗೆ ತಾಗಿಸಿ ತಾಗಿಸದ ಹಾಗೆ ಮಾಡಿ, ಬಣ್ಣ ನೋಡಿ, ಮಂದ ನೋಡಿ, ವಾಸನೆ ಹಿಡಿದು, ಪಕ್ಕದ ಇಬ್ಬರು ಏನು ಬರೆಯುತ್ತಾರೆ ಎಂದು ಓರೆಗಣ್ಣಿನಲ್ಲಿ ನೋಡಿ, ‘ಸರಿ’ ಎಂದು ಗುರುತು ಹಾಕತೊಡಗಿದಳು. ಕೈ ಗುರುತು ಹಾಕುತ್ತಿದ್ದರೆ ಮೇಜಿನ ಕೆಳಗೆ ಕಾಲು ಒಂದೇ ಸಮನೆ ಕುಣಿಯುತ್ತಿತ್ತು. ಪಕ್ಕದವಳು ಒಂದು ದಿನ, “ಮೇಡಂ, ಮೇಜು ಅಲ್ಲಾಡ್ತಿದೆ,” ಎಂದಳು.

ಹನ್ನೊಂದನೆಯ ದಿನ ಪ್ಯಾಕಿಂಗ್ ವಿಭಾಗದ ಹಿರಿಯಳು ಒಂದು ಬಟ್ಟಲು ಕೈಯಲ್ಲಿ ಮುಚ್ಚಿಕೊಂಡು ಬಂದಳು. “ನಾಲಿಗೆ ಮೇಡಂ, ಇದನ್ನ ಇನ್ನೊಂದ್ಸಲ ನೋಡ್ತೀರಾ? ನನಗೆ ಯಾಕೋ ಕಹಿ ಅನ್ನಿಸ್ತು. ನನ್ನ ಬಾಯೇ ಕೆಟ್ಟಿರಬೇಕು.”

ಅದು ಬೆಳಿಗ್ಗೆ ಅವಳೊಬ್ಬಳೇ ನೋಡಿ ಒಪ್ಪಿದ ಸ್ಟ್ರಾಬೆರಿ. ಹಣ್ಣು ಬೇಯುವಾಗ ತಳ ಹಿಡಿದಿತ್ತು. ಯಾರ ನಾಲಿಗೆಗಾದರೂ ತಿಳಿಯುವಂಥ ಕಹಿ. ಅವಳು ಚಮಚ ಬಾಯಿಗಿಟ್ಟಳು. ಏನೂ ಇಲ್ಲ. “ಹೌದು, ಕಹಿ ಇದೆ,” ಎಂದಳು. “ನಿಲ್ಲಿಸಿ.”

“ನಿಲ್ಲಿಸಿದ್ದೀನಿ. ಯಾರಿಗೂ ಹೇಳಿಲ್ಲ,” ಎಂದು ಹಿರಿಯಳು ಮೆಲ್ಲಗೆ ಅಂದು ಹೋದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ‘ಯಾರಿಗೂ ಹೇಳಿಲ್ಲ’ ಎಂಬ ಮಾತು ಸಂಜೆಯ ತನಕ ಅವಳನ್ನು ಬಿಡಲಿಲ್ಲ. ನಾಚಿಕೆಯಿಂದ ಅವಳಿಗೆ ಅಳು ಬಂತು. ಅಳುವುದಕ್ಕೂ ಪುರುಸೊತ್ತಿಲ್ಲದೆ ಅವಳು ಸೀದಾ ಹಣ್ಣಿನಂಗಡಿಗೆ ಹೋಗಿ ಇನ್ನೂ ಹುಳಿಯ ಸೇಬು ಕೇಳಿದಳು.

ಪರೀಕ್ಷೆಗೆ ಎರಡು ದಿನವಿತ್ತು. ಸಂಜೆ ಅತ್ತೆ ಮೂರು ಸ್ಟೀಲ್ ಬಟ್ಟಲು ತಂದು ಊಟದ ಮೇಜಿನ ಮೇಲಿಟ್ಟರು. “ಬಾ, ಕೂತ್ಕೋ. ಎಷ್ಟು ದಿನ ಆಯ್ತು ನಾವಿಬ್ರು ಆಡಿ.”

“ಪಥ್ಯ ಅಲ್ವಾ ಅತ್ತೆ…”

“ಸಪ್ಪೆ ಮೊಸರೇ. ನಿನ್ನ ಪಟ್ಟೀನೂ ಬೇಡ ಅನ್ನಲ್ಲ.”

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಅವಳು ಕುಳಿತಳು. ಮೊದಲನೆಯದು, ಬ್ರೆಡ್ಡು, ಎರಡನೆಯದು, ಬ್ರೆಡ್ಡು, ಮೂರನೆಯದು. ಕಣ್ಣು ಮುಚ್ಚಿದಳು. ಅತ್ತೆ ಒಂದಕ್ಕೆ ಚಿಟಿಕೆ ಉಪ್ಪು ಹಾಕಿರಬಹುದೇ, ಹುಳಿ ಹೆಚ್ಚು ಬರಲೆಂದು ಬಿಸಿಲಿಗೆ ಇಟ್ಟಿರಬಹುದೇ ಎಂದು ತಲೆ ಓಡಿಸಿದಳು. ನಡುವಿನ ಬಟ್ಟಲು ಸ್ವಲ್ಪ ಹೊಳೆಯುತ್ತಿತ್ತು. ಆಗಷ್ಟೇ ತೊಳೆದದ್ದಿರಬೇಕು, ಕೊನೆಯಲ್ಲಿ ತುಂಬಿದ್ದಿರಬೇಕು. “ನಡುವಿನದು,” ಎಂದಳು. “ಇದರಲ್ಲಿ ಹುಳಿ ಒಂದು ಚೂರು ಜಾಸ್ತಿ.”

ಅತ್ತೆ ಚಮಚ ಕೆಳಗಿಟ್ಟರು. “ಮೂರೂ ಒಂದೇ ಡಬ್ಬಿಯದು,” ಎಂದರು.

ಅವಳು ಎದ್ದು ನಿಂತಳು, ಮತ್ತೆ ಕುಳಿತಳು, ಬಟ್ಟಲುಗಳನ್ನು ಒಂದರೊಳಗೊಂದು ಜೋಡಿಸಿದಳು, ಮತ್ತೆ ಬಿಡಿಸಿದಳು. ಅತ್ತೆ ಅವಳ ಕೈಯಿಂದ ಬಟ್ಟಲು ತೆಗೆದುಕೊಂಡರು. “ತಪ್ಪು ಹೇಳಿದ್ದಕ್ಕೆ ಬೇಜಾರಿಲ್ಲ. ಗೊತ್ತಿಲ್ಲದೆ ಗೊತ್ತಿದೆ ಅಂದೆಯಲ್ಲ, ಅದನ್ನ ನಾನು ಕಲಿಸಿರಲಿಲ್ಲ. ನಾಳೆ ಡಾಕ್ಟರ ಹತ್ರ ಹೋಗೋಣ. ನಾನೂ ಬರ್ತೀನಿ.”

ಕ್ಲಿನಿಕ್ಕಿನ ಬೆಂಚಿನ ಮೇಲೆ ಮುಕ್ಕಾಲು ಗಂಟೆ. ಅವಳು ನಾಲ್ಕು ಸಲ ಎದ್ದು ಗೋಡೆಯ ಮೇಲಿನ ಹಲ್ಲಿನ ಚಿತ್ರ ನೋಡಿ ಬಂದಳು. ಅತ್ತೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲಾಡದೆ ಕುಳಿತಿದ್ದರು. ಒಳಗೆ ಹೋದಾಗ ಡಾಕ್ಟರು ನಾಲಿಗೆಗೆ ದೀಪ ಹಿಡಿದು, “ಮತ್ತೆ ಬಂದಿದೆಯಲ್ಲ,” ಎಂದು ತಮಗೆ ತಾವೇ ಅಂದುಕೊಂಡರು. ಅವಳು ಉಸಿರು ಬಿಡದೆ ಪಟ್ಟಿಯನ್ನೆಲ್ಲ ಒಪ್ಪಿಸಿದಳು. ಹುಳಿ ಸೇಬು, ಏಳು ಸ್ಟ್ರಾಬೆರಿ, ಸಪ್ಪೆ ಮೊಸರು. ಹತ್ತನೆಯ ದಿನ ಮರೆತು ಬಾಳೆಹಣ್ಣು ಒಂದು ತುತ್ತು ಕಚ್ಚಿದ್ದನ್ನೂ ಸೇರಿಸಿದಳು.

“ಸಕ್ಕರೆ ಕಮ್ಮಿ ಮಾಡಿದ್ರೆ ನಷ್ಟ ಇಲ್ಲ ಬಿಡಿ,” ಎಂದರು ಡಾಕ್ಟರು. “ಆದ್ರೆ ಆ ಒಂದು ತುತ್ತಿನ ಮೇಲೆ ಕೇಸ್ ಹಾಕಬೇಡಿ. ಪಥ್ಯದಿಂದ ಇದು ಹೋಗುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ಔಷಧಕ್ಕೆ ಹೋಗಿ ಮತ್ತೆ ಬರ್ತಿದೆ ಅಂದ್ರೆ ಎಲ್ಲಿಂದಲೋ ದಿನಾ ಕರೀತಿದ್ದೀರಿ. ಬೇರೆ ಔಷಧ ಇಲ್ಲ ಅಂದ್ರಿ ಅಲ್ವಾ?”

“ಇಲ್ಲ,” ಎಂದಳು ಅವಳು.

“ಇದೆ,” ಎಂದರು ಅತ್ತೆ.

ಅವಳು ತಿರುಗಿ ನೋಡಿದಳು. ಅತ್ತೆ ಡಾಕ್ಟರನ್ನೇ ನೋಡುತ್ತಿದ್ದರು. “ಬಾಯಿಗಿಟ್ಟು ಎಳೆಯೋ ಅಂಥದ್ದು. ಉಬ್ಬಸಕ್ಕೆ ಕೊಡ್ತಾರಲ್ಲ, ಅದು. ಎರಡು ವರ್ಷ ಆಯ್ತು. ಅವಳ ಬ್ಯಾಗಿಂದ ದಿನಾ ಸಂಜೆ ಅದರ ವಾಸನೆ ಬರುತ್ತೆ. ನಮ್ಮಣ್ಣನಿಗೂ ಕೊಟ್ಟಿದ್ರು, ನನಗೆ ಆ ವಾಸನೆ ಗೊತ್ತು.”

ಬೀದಿಯಲ್ಲಿ ಲಾರಿಯೊಂದು ಹಿಂದಕ್ಕೆ ಬರುತ್ತ ಕೂಗಿಕೊಳ್ಳುತ್ತಿತ್ತು. ಎರಡು ವರ್ಷ ಗೋಡೆಗೆ ಮುಖ ಮಾಡಿ ನಿಂತದ್ದು ಯಾರ ಕಣ್ಣಿಗೆ ಮಣ್ಣೆರಚಲು? ಬೇಸಿಗೆಯ ಬೆಣ್ಣೆ, ಚಳಿಗಾಲದ ಬೆಣ್ಣೆ ಬೇರೆ ಮಾಡಿ ಹೇಳುವ ಮೂಗಿನ ಮುಂದೆ ಅವಳು ಒಂದು ಬ್ಯಾಗಿನ ಜಿಪ್ಪು ಎಳೆದುಕೊಂಡು ಓಡಾಡಿದ್ದಳು.

“ಸರಿ,” ಎಂದರು ಡಾಕ್ಟರು. ಬೈಯಲಿಲ್ಲ. “ಎಳೆದಾದ ಮೇಲೆ ಬಾಯಿ ಮುಕ್ಕಳಿಸ್ತೀರಾ? ಆ ಔಷಧ ಬಾಯಲ್ಲೇ ಉಳಿದುಬಿಟ್ಟರೆ ಇದು ಬರೋದು ಸಾಮಾನ್ಯ. ಕೊಟ್ಟವರು ಹೇಳಿರಬೇಕು.”

ಹೇಳಿದ್ದರು. ಡಬ್ಬಿಯ ಮೇಲೂ ಬರೆದಿತ್ತು. ಸೂಪರ್ ಮಾರ್ಕೆಟ್ಟಿನ ಡಬ್ಬಿಗಳ ಹಿಂಬದಿಯನ್ನೆಲ್ಲ ಅಕ್ಷರ ಬಿಡದೆ ಓದಿದವಳು ಅದೊಂದನ್ನು ಮಾತ್ರ ಓದಿಯೂ ಓದದ ಹಾಗೆ ಇದ್ದಳು. “ಗೇಟು ದಾಟಿದ ಮೇಲೆ ನಾವು ಬಾಯಿಗೆ ನೀರು ಹಾಕೋ ಹಾಗಿಲ್ಲ,” ಎಂದಳು. “ಕೊನೆಯ ಬಟ್ಟಲು ಮುಗಿಯೋ ಹನ್ನೊಂದು ಗಂಟೆವರೆಗೆ.”

“ಹಾಗಂತ ಯಾರು ಹೇಳಿದ್ದು?”

ಅವಳು ಡಾಕ್ಟರ ಮೇಜಿನ ಮೇಲಿದ್ದ ಕಾಗದಗಳ ಅಂಚು ಸರಿಮಾಡತೊಡಗಿದಳು.

“ನಾನು,” ಎಂದರು ಅತ್ತೆ.

ಔಷಧ ಬರೆಸಿಕೊಂಡು ಹೊರಗೆ ಬಂದರು. ನಾಲಿಗೆ ಹದಕ್ಕೆ ಬರಲು ಎರಡು ಮೂರು ವಾರವಾದರೂ ಬೇಕು ಎಂದಿದ್ದರು ಡಾಕ್ಟರು. ಪರೀಕ್ಷೆ ಮರುದಿನ ಬೆಳಿಗ್ಗೆ. ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದರು. ಬೆಂಚಿನ ಮೇಲೆ ಕುಳಿತು ಅತ್ತೆ ಬ್ಯಾಗಿನ ಹಿಡಿಯನ್ನು ಸುತ್ತುತ್ತ ಬಿಚ್ಚುತ್ತ ಇದ್ದರು. ಅವರ ಕೈ ಹೀಗೆ ನೆಮ್ಮದಿಯಿಲ್ಲದೆ ಆಡಿದ್ದನ್ನು ಅವಳು ನೋಡಿದ್ದೇ ಇಲ್ಲ.

“ಗೊತ್ತಿದ್ದೂ ಯಾಕೆ ಕೇಳಲಿಲ್ಲ ಅತ್ತೆ?”

“ನೀನಾಗೇ ಹೇಳ್ತೀಯ ಅಂತ ಕಾದೆ. ನಿನಗೆ ನನ್ನ ಕಂಡ್ರೆ ಅಷ್ಟು ಭಯ ಅಂತ ತಿಳಿದಿರಲಿಲ್ಲ.” ಬಸ್ಸು ಬರುವ ದಿಕ್ಕಿಗೆ ನೋಡುತ್ತ ಅಂದರು, “ಆ ನೀರಿನ ವಿಷಯ ಒಂದು ಹೇಳ್ತೀನಿ ಕೇಳು. ನಾನು ಸೇರಿದಾಗ ಕಾರ್ಖಾನೆಯ ಪೈಪು ತುಕ್ಕು ಹಿಡಿದಿತ್ತು. ನಲ್ಲಿ ನೀರು ಬಾಯಿಗೆ ಹಾಕಿದ್ರೆ ಕಬ್ಬಿಣ ನೆಕ್ಕಿದ ಹಾಗೆ. ಆಮೇಲೆ ಯಾವ ಮೊಸರು ಇಟ್ರೂ ಕಬ್ಬಿಣವೇ. ಅದಕ್ಕೆ ನೀರು ಬೇಡ ಅಂದೆ. ಅಷ್ಟೇ ಅದು.”

“ಈಗ ಪೈಪು…”

“ಬದಲಾಯಿಸಿ ಇಪ್ಪತ್ತು ವರ್ಷ ಆಯ್ತು. ನೀನು ಬರೋಕೆ ಮುಂಚೇನೇ.” ಅತ್ತೆ ಬ್ಯಾಗಿನ ಹಿಡಿ ಬಿಟ್ಟರು. “ಆಗ ಬಿಟ್ಟುಬಿಡಬೇಕಿತ್ತು. ಅಷ್ಟೊತ್ತಿಗೆ ಎಲ್ಲರೂ, ಅಬ್ಬಾ, ಆಯಮ್ಮ ನೀರೂ ಮುಟ್ಟಲ್ಲ ಅಂತ ಹೊಗಳೋಕೆ ಶುರು ಮಾಡಿದ್ರು. ನನಗೂ ಚೆನ್ನಾಗಿತ್ತು. ಹಾಗೇ ನಿನಗೂ ದಾಟಿಸಿದೆ.”

ಅವಳಿಗೆ ಸಿಟ್ಟು ಬಂತು. ಹುಳಿ ಸೇಬುಗಳ ಮೇಲೆ, ನಾದಿನಿಯ ಪಟ್ಟಿಯ ಮೇಲೆ, ಕಿಟಕಿಯಾಚೆ ನೀರು ಚೆಲ್ಲಿದ ತನ್ನ ಮೇಲೆ, ಪಕ್ಕದಲ್ಲಿ ಕುಗ್ಗಿ ಕುಳಿತ ಈ ಮುದುಕಿಯ ಮೇಲೆ. ಸಿಟ್ಟಿನ ಜೊತೆಗೇ, ಇಷ್ಟು ವರ್ಷದಲ್ಲಿ ಅತ್ತೆ ತನ್ನ ಮುಂದೆ ಒಂದು ತಪ್ಪು ಒಪ್ಪಿಕೊಂಡದ್ದು ಇದೇ ಮೊದಲು ಎಂಬುದೂ ತಿಳಿಯಿತು. ಅವಳು ಎದ್ದು ಬಸ್ಸಿನ ವೇಳೆ ನೋಡಿ ಬಂದಳು. ಬಸ್ಸು ಬರಲು ಇನ್ನೂ ಆರು ನಿಮಿಷವಿತ್ತು.

ಪರೀಕ್ಷೆಯ ಕೋಣೆಯಲ್ಲಿ ಕೆಂಪು ದೀಪ. ಬಟ್ಟಲುಗಳೆಲ್ಲ ಒಂದೇ ಬಣ್ಣ. ಮೇಲ್ವಿಚಾರಕ ಹಾಳೆ, ಪೆನ್ಸಿಲು ಇಟ್ಟು ಹೋದ. ಅವಳು ಮೊದಲ ಮೂರನ್ನು ಬಾಯಿಗಿಟ್ಟಳು. ತಣ್ಣಗಿತ್ತು, ಮೃದುವಾಗಿತ್ತು, ಅಷ್ಟೇ. ಕಾಲು ತಾನಾಗಿ ಕುಣಿಯತೊಡಗಿತು. ಯಾವುದೋ ಒಂದು ಅಂಕಿ ಬರೆದರಾಯಿತು. ಮೂರರಲ್ಲಿ ಒಂದು ಸರಿಯಾಗಲೂಬಹುದು. ಅದೃಷ್ಟವಿದ್ದರೆ ಐದೂ ಸರಿಯಾಗಬಹುದು. ಆಮೇಲೆ ನಾಳೆ ತಳ ಹಿಡಿದ ಸ್ಟ್ರಾಬೆರಿಗೆ ಮತ್ತೆ ಅವಳೇ ‘ಸರಿ’ ಎಂದು ಗುರುತು ಹಾಕಬೇಕು. ಪ್ಯಾಕಿಂಗಿನ ಹಿರಿಯಳು ಮತ್ತೆ ಬಟ್ಟಲು ಮುಚ್ಚಿಕೊಂಡು ಬರಬೇಕು.

ಮೊದಲ ಸಾಲಿನಲ್ಲಿ ಅವಳು ‘ಗೊತ್ತಾಗುತ್ತಿಲ್ಲ’ ಎಂದು ಬರೆದಳು. ಕಾಲು ನಿಂತಿತು. ಎಷ್ಟೋ ವಾರದ ಮೇಲೆ ಅವಳು ಕುರ್ಚಿಯಲ್ಲಿ ಪೂರ್ತಿ ಕುಳಿತಳು. ಉಳಿದ ಐದು ಸಾಲಿನಲ್ಲೂ, ಪ್ರತಿಯೊಂದನ್ನೂ ಬಾಯಿಗಿಟ್ಟು ನೋಡಿದ ಮೇಲೆಯೇ, ಅದನ್ನೇ ಬರೆದಳು.

ಮೇಲ್ವಿಚಾರಕ ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿದ. “ಮೇಡಂ, ಸುಮ್ನೆ ಊಹೆ ಮಾಡಿದ್ರೂ ಎರಡು ಸರಿ ಹೋಗ್ತಿತ್ತು.”

“ಅದಕ್ಕೇ ಮಾಡಲಿಲ್ಲ,” ಎಂದಳು. ಎಲ್ಲ ಹೇಳಿದಳು: ನಾಲಿಗೆ, ಉಬ್ಬಸ, ಇನ್ಹೇಲರ್, ತಳ ಹಿಡಿದ ಸ್ಟ್ರಾಬೆರಿ. ಅವನು ಗದ್ದ ಕೆರೆದುಕೊಂಡು ಕೇಳಿದ. ಆರು ವಾರ ಕ್ರೇಟು ವಿಭಾಗ, ಆಮೇಲೆ ಇನ್ನೊಂದು ಪರೀಕ್ಷೆ, ಅದರಲ್ಲೂ ಆಗದಿದ್ದರೆ ಮೇಜು ಇಲ್ಲ ಎಂದ. ಅವನ ದನಿಯಲ್ಲಿ ಕರುಣೆಯಿತ್ತು, ಆದರೆ ಮಾತು ಬದಲಾಗುವ ಹಾಗಿರಲಿಲ್ಲ. ಅವಳು ಬಿಳಿ ಕೋಟು ಮಡಿಸಿ ಕುರ್ಚಿಯ ಬೆನ್ನಿಗೆ ಹಾಕಿ ಬಂದಳು.

ಮರುದಿನ ಬೆಳಿಗ್ಗೆ ಅವಳು ಹೊರಡುವಾಗ ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಆ ಮೂರು ಸ್ಟೀಲ್ ಬಟ್ಟಲಿನಲ್ಲಿ ಒಂದು. “ನಾನೂ ಬರ್ತೀನಿ,” ಎಂದರು.

ಗೇಟಿನ ಕಾವಲುಗಾರ ಅತ್ತೆಯನ್ನು ಕಂಡು ಎದ್ದು ನಿಂತ. ಸೈಕಲ್ ಸ್ಟ್ಯಾಂಡಿನ ಹಿಂದೆ ಗೋಡೆ, ಗೋಡೆಯ ಎದುರಿಗೆ ನಲ್ಲಿ. ಎರಡು ವರ್ಷ ಆ ನಲ್ಲಿಗೆ ಬೆನ್ನು ಹಾಕಿ ನಿಂತಿದ್ದಳು ಅವಳು. ಈಗ ಗೋಡೆಗೆ ಮುಖ ಮಾಡಲಿಲ್ಲ. ಬರುವವರು ಹೋಗುವವರು ನೋಡುತ್ತಿದ್ದಂತೆಯೇ ಇನ್ಹೇಲರ್ ತೆಗೆದು ಬಾಯಿಗಿಟ್ಟು ಎಳೆದು, ಉಸಿರು ಹಿಡಿದು, ಬಿಟ್ಟಳು.

ಅಷ್ಟರಲ್ಲಿ ಅತ್ತೆ ಬಗ್ಗಿ ನಲ್ಲಿ ತಿರುಗಿಸಿದರು. ಮೊದಲು ಬಂದ ನೀರನ್ನು ಹರಿಯಲು ಬಿಟ್ಟು, ಬಟ್ಟಲು ತುಂಬಿಸಿ ಒಂದು ಗುಟುಕು ಬಾಯಿಗೆ ತೆಗೆದುಕೊಂಡರು. ಕಣ್ಣು ಮುಚ್ಚಿದರು. ಬೆನ್ನು ನೆಟ್ಟಗಾಯಿತು, ಗದ್ದ ಮೇಲೆ ಬಂತು. ಇಪ್ಪತ್ತೇಳು ವರ್ಷ ಮೇಜಿನಲ್ಲಿ ಕುಳಿತಿದ್ದ ಹಾಗೆಯೇ. ಒಂದು, ಎರಡು, ಮೂರು, ನಾಲ್ಕು. ಸೈಕಲ್ ನಿಲ್ಲಿಸುತ್ತಿದ್ದ ಪ್ಯಾಕಿಂಗಿನ ಹಿರಿಯಳು ಹಾಗೇ ನಿಂತು ನೋಡಿದಳು. ಅತ್ತೆ ಚರಂಡಿಗೆ ಉಗುಳಿ ಬಾಯಿ ಒರೆಸಿಕೊಂಡರು.

“ಏನೂ ಇಲ್ಲ ಇದರಲ್ಲಿ,” ಎಂದರು. “ಬರೀ ನೀರು.”

ಅವರ ಕಣ್ಣು ತುಂಬಿತ್ತು. ಬಟ್ಟಲನ್ನು ಸೊಸೆಯ ಕೈಗಿಟ್ಟರು. ಅವಳು ಬಾಯಿ ತುಂಬ ನೀರು ತೆಗೆದುಕೊಂಡು, ಕೆನ್ನೆ ಉಬ್ಬಿಸಿ ಗಟ್ಟಿಯಾಗಿ ಮುಕ್ಕಳಿಸಿ, ಅದೇ ಚರಂಡಿಗೆ ಉಗುಳಿದಳು.

“ಇನ್ನೊಂದ್ಸಲ,” ಎಂದರು ಅತ್ತೆ.